ನಮ್ಮ ಮನೆಯ ಲಿನಕ್ಸ್ ಪ್ರತಿಷ್ಠಾಪನೆ

ಇರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಗಾದೆಯನ್ನು ಮೊದಲು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಅವರು ತುಮಕೂರಿನಲ್ಲಿ, ನಮ್ಮ ಮನೆಯ ಆಸುಪಾಸಿನಲ್ಲೇ ವಾಸವಾಗಿದ್ದಿರಬೇಕು. ನನ್ನನ್ನು ಕಣ್ಣಾರೆ ನೋಡದವರು ಅಷ್ಟು ಕರಾರುವಾಕ್ಕಾಗಿ ಹೇಳಲು ಸಾಧ್ಯವೇ ಇಲ್ಲ.

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕ. ಕಪ್ಪೆಯನ್ನು ಕೊಯ್ದು ಒಳಗಿರುವುದನ್ನೆಲ್ಲ ಹೆಸರು ಹಿಡಿದು ತೋರಿಸಬಲ್ಲವನಿಗೆ ಮಿಕ್ಕ ವಸ್ತುಗಳ ಒಳಗೇನಿದೆ ಎಂದು ತಿಳಿಯದೆ ಹೋದೀತೆ? ಈ ನಂಬಿಕೆಯ ಮೇಲೆ ನಾನು ಮನೆಯ ಮಿಕ್ಸಿ, ಗೋಡೆ ಗಡಿಯಾರ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಕೊಯ್ದಿದ್ದೇನೆ. ಕಪ್ಪೆಯಲ್ಲಿ ಒಂದು ಅನುಕೂಲವಿದೆ. ಕೊಯ್ದ ಮೇಲೆ ಅದು ಎದ್ದು ಕುಪ್ಪಳಿಸಲಿ ಎಂದು ಯಾರೂ ಕೇಳುವುದಿಲ್ಲ. ಮಿಕ್ಸಿಯ ವಿಷಯದಲ್ಲಿ ಕೇಳುತ್ತಾರೆ!

ಕೇಳುವವಳು ನನ್ನ ಹೆಂಡತಿ ಗಿರಿಜಾ. ಗುಬ್ಬಿಯಿಂದಾಚೆ, ಕಡಬದ ಕೆರೆಗೆ ಹತ್ತಿರದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಅವಳು ಟೀಚರು. ದಿನವೂ ತುಮಕೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮೊಬೈಲಿನಲ್ಲಿ ಇನ್ನೂ ಗುಂಡಿಗಳಿದ್ದ ಕಾಲ ಅದು. ಹಳ್ಳಿ ಶಾಲೆಗಳಿಗೆ ಆಗಷ್ಟೇ ಕಂಪ್ಯೂಟರುಗಳು ಬರತೊಡಗಿದ್ದವು. ಬಂದ ದಿನ ಅದಕ್ಕೆ ತೆಂಗಿನಕಾಯಿ ಒಡೆಯುತ್ತಿದ್ದರು. ಆಮೇಲೆ ಹೂವಿನ ಚಿತ್ರದ ಬಟ್ಟೆಯೊಂದನ್ನು ಹೊದಿಸಿ ಹೆಡ್‌ಮಾಸ್ಟರ ಕೋಣೆಯಲ್ಲಿ ಕೂರಿಸುತ್ತಿದ್ದರು. ಪ್ರತಿ ಶುಕ್ರವಾರ ಕುಂಕುಮ, ಹೂವು, ಊದುಬತ್ತಿ. ಆನ್ ಮಾಡುವುದು ಮಾತ್ರ ಇಲ್ಲ. ಆನ್ ಮಾಡಿದರೆ ಕೆಟ್ಟುಹೋಗುತ್ತದಲ್ಲ!

ಗಿರಿಜಾಳ ಶಾಲೆಯಲ್ಲೂ ಹಾಗೆಯೇ ಇತ್ತು. ಒಂದು ದಿನ ಅವಳು ಆ ಬಟ್ಟೆಯನ್ನು ತೆಗೆದು, ಮಡಿಸಿ, ಬದಿಗಿಟ್ಟು, ಸ್ವಿಚ್ ಒತ್ತಿದಳು. ಹೆಡ್‌ಮಾಸ್ಟರು ಎದೆ ಹಿಡಿದುಕೊಂಡರಂತೆ. ಕಂಪ್ಯೂಟರಿಗೆ ಏನೂ ಆಗಲಿಲ್ಲ. ಅಲ್ಲಿಂದ ಅವಳು ಒಂದೊಂದಾಗಿ ಎಲ್ಲ ಕಲಿತಳು. ಮಕ್ಕಳನ್ನು ಕಡಬದ ಕೆರೆಗೆ ಕರೆದುಕೊಂಡು ಹೋಗಿ, ಜೊತೆಯ ಟೀಚರ ಕ್ಯಾಮೆರಾ ಎರವಲು ಪಡೆದು ಫೋಟೊ ತೆಗೆದು, ಅವುಗಳಿಂದ ಕೆರೆಯ ಬಗ್ಗೆ ಒಂದು ಪಾಠ ಮಾಡಿದಳು. ಏರಿ, ತೂಬು, ಕೋಡಿ, ನೀರು ಕುಡಿಯಲು ಬರುವ ದನ, ಏಡಿಯ ಬಿಲ, ಎಲ್ಲವೂ ಅದರಲ್ಲಿತ್ತು. ಕೊನೆಯಲ್ಲಿ ಭಾಗ್ಯ ಎಂಬ ಹುಡುಗಿಯ ಫೋಟೊ. ಶಾಲೆಗೆ ಸೇರಿದಾಗಿನಿಂದ ಬಾಯಿ ಬಿಡದಿದ್ದ ಆ ಹುಡುಗಿ ಕೆರೆ ಏರಿಯ ಮೇಲೆ ನಿಂತು ಹಲ್ಲು ಕಾಣಿಸುವಂತೆ ನಕ್ಕಿದ್ದಳು. ಸಂಜೆ ಮನೆಗೆ ಬಂದು ಅಡುಗೆ ಮುಗಿಸಿ ಗಿರಿಜಾ ಆ ಪಾಠಕ್ಕೆ ಬರೆದುಕೊಂಡ ಟಿಪ್ಪಣಿಗಳ ಮುಂದೆ ಕೂತರೆ ನಾನು ಕರೆದದ್ದೂ ಕೇಳಿಸುತ್ತಿರಲಿಲ್ಲ.

ಈ ಪಾಠದ ಸುದ್ದಿ ಮೇಲಿನವರ ಕಿವಿಗೂ ಬಿತ್ತು. ಬರುವ ಶನಿವಾರ ಕುಣಿಗಲ್ಲಿನಲ್ಲಿ ಶಿಕ್ಷಕರ ತರಬೇತಿ ಇದೆ, ಅಲ್ಲಿ ವೇದಿಕೆಯ ಮೇಲೆ ನಿಂತು ತೋರಿಸಿ ಎಂದು ಹೇಳಿಕಳಿಸಿದರು. ಗಿರಿಜಾ ವೇದಿಕೆ ಹತ್ತುವುದು ಅದೇ ಮೊದಲು. ಅದಕ್ಕೆಂದೇ ಅವಳು ತನ್ನ ಸ್ವಂತ ಸಂಪಾದನೆಯಲ್ಲಿ ಹೊಸ ಲ್ಯಾಪ್‌ಟಾಪ್ ಕೊಂಡಳು. ಪಾಠವನ್ನು ಶಾಲೆಯ ಕಂಪ್ಯೂಟರಿನಿಂದ ಅದಕ್ಕೆ ಸಾಗಿಸಿಕೊಂಡು, ಶಾಲೆಯದರಲ್ಲಿ ಜಾಗ ಸಾಲದೆಂದು ಅಲ್ಲಿಂದ ತೆಗೆದಳು. ಲ್ಯಾಪ್‌ಟಾಪ್ ಮನೆಗೆ ಬಂದ ದಿನ ಪೂಜೆ ಮಾಡಿದವನು ನಾನು. ಗಾಡಿಯಾಗಿದ್ದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬಹುದಿತ್ತು. ಚಕ್ರವಿಲ್ಲದ್ದರಿಂದ ನಿಂಬೆಹಣ್ಣುಗಳು ಬಚಾವಾಗಿ ಚಿತ್ರಾನ್ನಕ್ಕೆ ಹೋದವು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಹಿಂದಿನ ಭಾನುವಾರ ನಾನು ಸ್ವತಂತ್ರ ತಂತ್ರಾಂಶದ ಬಗ್ಗೆ ಒಂದು ಶಿಬಿರಕ್ಕೆ ಹೋಗಿದ್ದೆ. ಮಧ್ಯಾಹ್ನ ಊಟವಿದೆ ಎಂದು ಕರಪತ್ರದಲ್ಲಿತ್ತು. ಅಲ್ಲಿ ಗಡ್ಡದ ಯುವಕರೊಬ್ಬರು, ವಿಂಡೋಸ್ ಬದಲಿಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಬಗ್ಗೆ ಮಾತನಾಡಿದರು. ಇದಕ್ಕೆ ವೈರಸ್ ಕಾಟವಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಯಾರು ಬೇಕಾದರೂ ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು ಎಂದರು. ಬಿಚ್ಚಿ ನೋಡಬಹುದು! ನನ್ನಂಥವನಿಗೆ ಇದಕ್ಕಿಂತ ಹೆಚ್ಚಿನ ಆಹ್ವಾನ ಬೇಕೆ? ಹೊರಡುವಾಗ ಎಲ್ಲರಿಗೂ ಒಂದೊಂದು ಸಿ.ಡಿ. ಕೊಟ್ಟರು. ನಾನು ಅದನ್ನು ಎದೆಗವಚಿಕೊಂಡು ಮನೆಗೆ ಬಂದೆ.

ಮನಸ್ಸಿನಲ್ಲೇ ಒಂದು ಯೋಜನೆ ಸಿದ್ಧವಾಯಿತು. ಗಿರಿಜಾಳಿಗೆ ತಿಳಿಯದಂತೆ ಅವಳ ಲ್ಯಾಪ್‌ಟಾಪಿಗೆ ಲಿನಕ್ಸ್ ಪ್ರತಿಷ್ಠಾಪಿಸುವುದು. ಶನಿವಾರ ಕುಣಿಗಲ್ಲಿನಲ್ಲಿ ಅದು ಬೆಳಗಿದಾಗ ಇದೇನಿದು ಎಂದು ಸಭಿಕರು ಬೆರಗಾಗುವುದು. ಇದು ನಮ್ಮ ಯಜಮಾನರು ಹಾಕಿದ್ದು ಎಂದು ಅವಳು ನಾಚುತ್ತ ಹೇಳುವುದು. ಮುಂದಿನ ಸಾಲಿನಲ್ಲಿ ಕೂತ ನನ್ನನ್ನು ಅಧಿಕಾರಿಗಳು ಎರಡು ಮಾತನಾಡಿ ಎಂದು ಕೇಳಿಕೊಳ್ಳುವುದು. ಎರಡು ಮಾತು ಎಂದರೂ ನಾನು ಸ್ವಾತಂತ್ರ್ಯದ ಬಗ್ಗೆ ಮುಕ್ಕಾಲು ಗಂಟೆಗಾಗುವಷ್ಟು ಸಿದ್ಧ ಮಾಡಿಕೊಂಡೆ.

ಶುಕ್ರವಾರ ನಮ್ಮ ಕಾಲೇಜಿಗೆ ರಜೆ. ಗಿರಿಜಾ ಶಾಲೆಗೆ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದಳು: "ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದೀನಿ. ತುಂಬಿದ ಮೇಲೆ ವಯರ್ ತೆಗೀರಿ. ಅಷ್ಟೇ."

ಆ 'ಅಷ್ಟೇ' ಎಂಬ ಮಾತಿನೊಳಗೆ ಸತ್ತ ಮಿಕ್ಸಿ, ಸತ್ತ ಗಡಿಯಾರ, ಸತ್ತ ಇಸ್ತ್ರಿಪೆಟ್ಟಿಗೆ ಎಲ್ಲವೂ ಇದ್ದವು. ನನಗದು ಆಗ ಹೊಳೆಯಲಿಲ್ಲ.

ಅವಳು ಬೀದಿಯ ತಿರುವು ದಾಟುತ್ತಲೇ ನಾನು ಲ್ಯಾಪ್‌ಟಾಪನ್ನು ವರಾಂಡದ ಮೇಜಿಗೆ ತಂದೆ. ಕಾಂಪೌಂಡಿನ ಆಚೆ ಪಕ್ಕದ ಮನೆಯ ಅನ್ವರ್ ಭಾಯ್ ಚಹಾ ಕುಡಿಯುತ್ತ ನಿಂತಿದ್ದರು. ಮಂಡಿಪೇಟೆಯಲ್ಲಿ ಅವರಿಗೆ ಸ್ಟೀಲ್ ಪಾತ್ರೆಯ ಅಂಗಡಿ. ನಮ್ಮ ಮಿಕ್ಸಿಯ ಅಂತ್ಯಕಾಲದಲ್ಲಿ ಸಾಕ್ಷಿಯಾಗಿದ್ದವರು. ನಾನು ಅವರಿಗೆ ಸ್ವತಂತ್ರ ತಂತ್ರಾಂಶದ ಮಹಿಮೆಯನ್ನು ವಿವರಿಸಿದೆ. ಅವರು ಚಹಾ ಮುಗಿಯುವವರೆಗೂ ತಾಳ್ಮೆಯಿಂದ ಕೇಳಿದರು.

"ಈಗ ಇದರಲ್ಲಿ ಏನು ಕೆಟ್ಟೈತೆ ಮೇಷ್ಟ್ರೇ?" ಎಂದರು.

ಏನೂ ಕೆಟ್ಟಿಲ್ಲ ಎಂದೆ.

"ಮತ್ತೆ ಓಡ್ತಾ ಇರೋ ಗಾಡೀದು ಇಂಜಿನ್ ಯಾಕೆ ಇಳಿಸ್ತೀರಾ? ನಾಳೆ ಮೇಡಂ ಕುಣಿಗಲ್‌ಗೆ ಹೋಗ್ಬೇಕಲ್ವಾ?"

ವ್ಯಾಪಾರಸ್ಥರಿಗೆ ಆದರ್ಶ ಅರ್ಥವಾಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವರು ತಲೆಯಾಡಿಸಿ ಅಂಗಡಿಗೆ ಹೋದರು.

ಯಾವ ಕೆಲಸವನ್ನೇ ಆಗಲಿ ದೇವರಿಗೆ ಕೈ ಮುಗಿಯದೆ ಆರಂಭಿಸುವ ಪದ್ಧತಿ ನಮ್ಮಲ್ಲಿಲ್ಲ. ಲ್ಯಾಪ್‌ಟಾಪಿಗೆ ಪೂಜೆ ಆಗಿತ್ತು, ಸಿ.ಡಿ.ಗೆ ಆಗಿರಲಿಲ್ಲ. ಇಂಥ ಲೋಪದಿಂದಲೇ ಕೆಲಸ ಕೆಡುವುದು! ಯಡಿಯೂರಿನಿಂದ ತಂದ ವಿಭೂತಿ ಗಟ್ಟಿ ದೇವರ ಮನೆಯಲ್ಲಿತ್ತು. ಅದನ್ನು ನೀರಿನಲ್ಲಿ ತೇದು ಮೂರು ಬೆರಳಿಗೆ ಹಚ್ಚಿಕೊಂಡೆ. ಸಿ.ಡಿ.ಯ ಒಂದು ಬದಿಯಲ್ಲಿ ಅಕ್ಷರಗಳಿದ್ದವು. ಅಕ್ಷರವೆಂದರೆ ಸರಸ್ವತಿ. ಅದರ ಮೇಲೆ ಬಳಿಯುವುದು ತಪ್ಪು. ಇನ್ನೊಂದು ಬದಿ ಏನೂ ಬರೆಯದೆ, ಬೋಳಾಗಿ, ಕನ್ನಡಿಯಂತೆ ಹೊಳೆಯುತ್ತಿತ್ತು. ವಿಭೂತಿಗೆಂದೇ ಬಿಟ್ಟ ಜಾಗದ ಹಾಗೆ ಕಂಡಿತು. ನಡುವಿನ ತೂತಿನಿಂದ ಸ್ವಲ್ಪ ದೂರದಲ್ಲಿ, ಅಂಚಿನ ಹತ್ತಿರ, ಮೂರು ಪಟ್ಟೆ ಎಳೆದೆ. ಫ್ಯಾನಿನ ಕೆಳಗೆ ಹಿಡಿದು ಒಣಗಿಸಿ, ಕಣ್ಣಿಗೊತ್ತಿಕೊಂಡು ಒಳಗೆ ತಳ್ಳಿದೆ.

ಲಿನಕ್ಸ್ ಎದ್ದಿತು. ಬಣ್ಣದ ಪರದೆ ಬಂತು. ನಾನೇ ಚಪ್ಪಾಳೆ ತಟ್ಟಿಕೊಂಡೆ.

ಅದು ಒಂದೊಂದೇ ಪ್ರಶ್ನೆ ಕೇಳತೊಡಗಿತು. ಯಾವ ಭಾಷೆ, ಯಾವ ದೇಶ, ಸಮಯವೆಷ್ಟು. ಹೆಣ್ಣು ನೋಡಲು ಬಂದವರ ಹಾಗೆ ವಿನಯವಾಗಿ ಕೇಳುತ್ತಿತ್ತು, ನಾನೂ ಉತ್ತರ ಕೊಡುತ್ತಿದ್ದೆ. ಆಮೇಲೆ ಒಂದು ಗಂಭೀರ ಪ್ರಶ್ನೆ ಬಂತು. ಈಗಿರುವ ವಿಂಡೋಸ್ ಜೊತೆ ಜಾಗ ಹಂಚಿಕೊಂಡು ಇರಲೋ, ಎಲ್ಲವನ್ನೂ ಅಳಿಸಿ ಇಡೀ ಡಿಸ್ಕನ್ನು ತೆಗೆದುಕೊಳ್ಳಲೋ ಎಂದು. ನಮ್ಮ ತಂದೆ, ಚಿಕ್ಕಪ್ಪಂದಿರು ಪಾಲಾದಾಗ ಒಂದೇ ಮನೆಯಲ್ಲಿ ಎರಡು ಒಲೆ ಉರಿದದ್ದನ್ನು ನೋಡಿ ಬೆಳೆದವನು ನಾನು. ಪಾಲಿನ ಸಹವಾಸವೇ ಬೇಡ! ಇಡೀ ಡಿಸ್ಕ್ ಎಂದು ಒತ್ತಿದೆ. ಎಲ್ಲ ಫೈಲುಗಳು ಅಳಿಸಿಹೋಗುತ್ತವೆ, ಖಚಿತವೇ ಎಂದು ಮತ್ತೆ ಕೇಳಿತು. ಗಿರಿಜಾಳ ಪಾಠದ ನೆನಪಾಯಿತು. ಆದರೆ ಅದು ಡೆಸ್ಕ್‌ಟಾಪಿನ ಮೇಲೆ ಇದ್ದುದನ್ನು ನಾನೇ ಕಣ್ಣಾರೆ ನೋಡಿದ್ದೆ. ಅಳಿಸುವುದು ಡಿಸ್ಕಿನ ಒಳಗಿನದನ್ನು. ಮೇಜಿನ ಮೇಲಿರುವ ಪುಸ್ತಕಕ್ಕೂ ಬೀರು ಖಾಲಿ ಮಾಡುವುದಕ್ಕೂ ಏನು ಸಂಬಂಧ? ಖಚಿತ ಎಂದು ಒತ್ತಿದೆ.

ಒಂದು ಪಟ್ಟಿ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬುತ್ತ ಬಂತು. ಅರ್ಧಕ್ಕೆ ಬಂದು ನಿಂತಿತು. ಒಳಗೆ ಯಾರೋ ತೆಂಗಿನಕಾಯಿ ತುರಿಯುವಂಥ ಸದ್ದಾಯಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಒಂದು ಬರಹ ಬಂತು. ಮೊದಲ ಸಾಲಿನಲ್ಲಿ 'ಎರರ್' ಎಂದಿತ್ತು. ಮಿಕ್ಕದ್ದನ್ನು ಓದುವ ಗೋಜಿಗೆ ಹೋಗದೆ 'ಓಕೆ' ಒತ್ತಿದೆ. ಪ್ರಶ್ನೆಯನ್ನು ಕೊನೆಯವರೆಗೆ ಓದಿ ಉತ್ತರಿಸಿ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವನು ನಾನೇ.

ಯಾಕೆ ಹೀಗಾಯಿತು ಎಂದು ಗೋಡೆಯ ಕ್ಯಾಲೆಂಡರ್ ನೋಡಿದೆ. ಶುಕ್ರವಾರ ಹತ್ತೂವರೆಯಿಂದ ರಾಹುಕಾಲ. ಇದೇ ಕಾರಣ! ಲಿನಕ್ಸ್ ಪರದೇಶದ್ದಾದರೂ ರಾಹುವಿಗೆ ದೇಶ ವಿದೇಶವಿಲ್ಲ. ರಾಹುಕಾಲ ಕಳೆಯುವವರೆಗೆ ಕಾದು ಮತ್ತೆ ಶುರು ಮಾಡಿದೆ. ಅದೇ ಜಾಗದಲ್ಲಿ ನಿಂತಿತು. ಮೇಜು ದಕ್ಷಿಣಕ್ಕೆ ಮುಖ ಮಾಡಿತ್ತೆಂದು ಪೂರ್ವಕ್ಕೆ ತಿರುಗಿಸಿದೆ. ಅಲ್ಲೇ ನಿಂತಿತು. ವಿಭೂತಿ ಸ್ವಲ್ಪ ಮಾಸಿದೆ ಎನಿಸಿ ಮತ್ತೊಮ್ಮೆ ದಪ್ಪವಾಗಿ ಎಳೆದೆ. ಮೊದಲಿಗಿಂತ ಬೇಗ ನಿಂತಿತು!

ಕೊನೆಗೆ ಶಿಬಿರದ ಗಡ್ಡದ ಯುವಕರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿಕೊಂಡು, "ಸಾರ್, ಡಿಸ್ಕ್ ಕ್ಲೀನಾಗಿದೆಯಾ ನೋಡಿ" ಎಂದರು.

ನನಗೆ ಸಿಟ್ಟು ಬಂತು. "ಏನ್ರೀ ಹಿಂಗಂತೀರಾ? ಸ್ನಾನ ಮಾಡಿ, ಪೂಜೆ ಮಾಡಿ ಮುಟ್ಟಿದೀನಿ" ಎಂದೆ.

ಅವರು, ಹಾಗಾದರೆ ಯಂತ್ರದ್ದೇ ದೋಷವಿರಬೇಕು, ಬಂದು ನೋಡಬೇಕಾಗುತ್ತದೆ, ಆದರೆ ತಾವೀಗ ಊರಿನಲ್ಲಿಲ್ಲ ಎಂದರು.

ಹೋಗಲಿ, ಹಳೆಯ ವಿಂಡೋಸೇ ಇರಲಿ ಎಂದು ಸಿ.ಡಿ. ತೆಗೆದು ಲ್ಯಾಪ್‌ಟಾಪ್ ಆನ್ ಮಾಡಿದೆ. ಕಪ್ಪು ಪರದೆ. ಮೂಲೆಯಲ್ಲಿ ಒಂದು ಸಣ್ಣ ಬಿಳಿ ಗೀರು ಕಣ್ಣು ಮಿಟುಕಿಸುತ್ತಿತ್ತು. ವಿಂಡೋಸ್ ಇಲ್ಲ, ಲಿನಕ್ಸ್ ಇಲ್ಲ, ಡೆಸ್ಕ್‌ಟಾಪೂ ಇಲ್ಲ. ಡೆಸ್ಕ್‌ಟಾಪ್ ಇದ್ದದ್ದೂ ಬೀರುವಿನ ಒಳಗೇ ಎಂಬುದು ಆಗ ನನಗೆ ಅರ್ಥವಾಯಿತು. ಏರಿ, ತೂಬು, ಕೋಡಿ, ಭಾಗ್ಯಳ ನಗು, ಎಲ್ಲ ಹೋಗಿದ್ದವು. ಇಡೀ ಕಡಬದ ಕೆರೆಯನ್ನು ನಾನು ಒಂದೇ ಗುಂಡಿ ಒತ್ತಿ ಬತ್ತಿಸಿದ್ದೆ.

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ನನ್ನ ಹುಲ್ಲುಕಡ್ಡಿ ಗುಬ್ಬಿಯಲ್ಲಿತ್ತು. ಅದರ ಹೆಸರು ರುದ್ರೇಶ್. ಗಿರಿಜಾಳ ತಂಗಿ ವನಜಾಳ ಗಂಡ, ಅಂದರೆ ನನ್ನ ಷಡ್ಡಕ. ಕೊಬ್ಬರಿ ವ್ಯಾಪಾರಿ. ನಮ್ಮ ಬಂಧುಬಳಗದಲ್ಲಿ ಮೊದಲು ಕಂಪ್ಯೂಟರ್ ಕೊಂಡವನು ಎಂಬ ಕಾರಣಕ್ಕೆ ಅವನಿಗೆ ಈ ವಿದ್ಯೆಯಲ್ಲಿ ಪಂಡಿತನೆಂಬ ಹೆಸರು ಬಂದಿತ್ತು. ಆ ಕಂಪ್ಯೂಟರಿನಲ್ಲಿ ಅವನು ಇಸ್ಪೀಟು ಬಿಟ್ಟು ಬೇರೇನೂ ಆಡಿದ್ದನ್ನು ನೋಡಿದವರಿಲ್ಲ. ಆದರೂ ಅಳಿಸಿಹೋದದ್ದನ್ನು ವಾಪಸು ತರುವ ದಾರಿ ಅವನಿಗೆ ಗೊತ್ತಿದ್ದರೂ ಇರಬಹುದು ಎಂದು ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಗುಬ್ಬಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದನ್ನು ಜ್ವರ ಬಂದ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದೆ.

ರುದ್ರೇಶ ಬಹಳ ಗಂಭೀರವಾಗಿ ಲ್ಯಾಪ್‌ಟಾಪಿನ ಸುತ್ತ ಒಂದು ಪ್ರದಕ್ಷಿಣೆ ಬಂದ. ಹಿಂದೆ ಬಗ್ಗಿ ನೋಡಿದ. ತಟ್ಟಿ, ಕಿವಿಗೊಟ್ಟು ಕೇಳಿದ. ತೆಂಗಿನಕಾಯಿಯಲ್ಲಿ ನೀರಿದೆಯೇ ಎಂದು ನೋಡುವವರು ಹಾಗೆ ಕೇಳುತ್ತಾರೆ. ಆಮೇಲೆ ನಾನು ಜೊತೆಗೆ ತಂದಿದ್ದ ಸಿ.ಡಿ. ಕೈಗೆತ್ತಿಕೊಂಡ. ತಿರುಗಿಸಿದ. ವಿಭೂತಿ ಪಟ್ಟೆಗಳನ್ನು ಕಂಡು ಕೂಡಲೇ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತ.

"ಪೂಜೆ ಮಾಡಿದೀಯಲ್ಲ, ಒಳ್ಳೇದಾಯ್ತು ಬಿಡಣ್ಣ" ಎಂದ. ಆಮೇಲೆ ಹುಬ್ಬು ಗಂಟಿಕ್ಕಿ, "ಕುಂಕುಮ ಇಟ್ಟಿಲ್ವಲ್ಲಣ್ಣ. ಅದೇ ಕೊರತೆ ಆಗಿರೋದು" ಎಂದ.

ಒಬ್ಬ ಎಂ.ಎಸ್ಸಿ., ಒಬ್ಬ ಬಿ.ಕಾಂ. ಇಬ್ಬರೂ ಒಪ್ಪಿದೆವು. ಒಳಗಿನಿಂದ ಕುಂಕುಮದ ಭರಣಿ ಬಂತು. ಕುಂಕುಮ ನಡುವೆಯೇ ಇರಬೇಕಲ್ಲವೆ? ನಡುವೆ ತೂತಿದ್ದುದರಿಂದ ಅದರ ಪಕ್ಕದಲ್ಲೇ ರುದ್ರೇಶ ಒಂದು ದೊಡ್ಡ ಬೊಟ್ಟಿಟ್ಟ. ಊದುಬತ್ತಿ ಹಚ್ಚಿದ. ಸಿ.ಡಿ. ಒಳಗೆ ಹೋಯಿತು. ಇಷ್ಟು ಹೊತ್ತೂ ಅರ್ಧ ದಾರಿಯವರೆಗಾದರೂ ಹೋಗುತ್ತಿದ್ದ ಲಿನಕ್ಸ್ ಈಗ ಹೊಸಲನ್ನೇ ದಾಟಲಿಲ್ಲ. ಬಣ್ಣದ ಪರದೆಯೂ ಇಲ್ಲ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ವನಜಾ ಉಪ್ಪಿಟ್ಟು, ಕಾಫಿ ತಂದಿಟ್ಟಳು. ಇಬ್ಬರ ಮುಖವನ್ನೂ ನೋಡಿ, "ಭಾವ, ಇದು ಅಕ್ಕಂಗೆ ಗೊತ್ತಾ?" ಎಂದಳು.

ನಾವಿಬ್ಬರೂ ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕಿದೆವು.

"ಶುಕ್ರವಾರ ಅಲ್ವಾ, ಇನ್ನೇನು ಬರ್ತಾಳೆ" ಎಂದಳು ವನಜಾ.

ಆಗ ನೆನಪಾಯಿತು. ಗಿರಿಜಾ ಪ್ರತಿ ಶುಕ್ರವಾರ ಶಾಲೆಯಿಂದ ವಾಪಸಾಗುವಾಗ ಗುಬ್ಬಿಯಲ್ಲಿ ಇಳಿದು, ತಂಗಿಯ ಮನೆಯ ಮಲ್ಲಿಗೆ ಬಳ್ಳಿಯಿಂದ ಹೂವು ಬಿಡಿಸಿಕೊಂಡು ಬರುವ ವಾಡಿಕೆ. ಆ ಹೂವನ್ನು ವಾರ ವಾರವೂ ದೇವರಿಗೆ ಮುಡಿಸುವವನು ನಾನೇ! ಬಚ್ಚಿಟ್ಟುಕೊಳ್ಳಲು ಇಡೀ ಜಿಲ್ಲೆಯಲ್ಲಿ ನನಗೆ ಬೇರೆ ಜಾಗವೇ ಸಿಕ್ಕಿರಲಿಲ್ಲ. ಹೊರಗೆ ಗೇಟಿನ ಸದ್ದಾಯಿತು. ರುದ್ರೇಶ ಅಂಗಡಿಯಲ್ಲಿ ಕೆಲಸವಿದೆ ಎಂದು ಎದ್ದ. ನಾನು ಅವನ ಪಂಚೆ ಹಿಡಿದು ಕೂರಿಸಿದೆ.

ಗಿರಿಜಾ ಒಳಗೆ ಬಂದಳು. ಮೊದಲು ನನ್ನನ್ನು ನೋಡಿದಳು. ಆಮೇಲೆ ಲ್ಯಾಪ್‌ಟಾಪ್. ಆಮೇಲೆ ಊದುಬತ್ತಿ. ಕೈಚೀಲವನ್ನು ಕೆಳಗಿಟ್ಟು, ಗುಂಡಿ ಒತ್ತಿ ಸಿ.ಡಿ.ಯನ್ನು ಹೊರಕ್ಕೆ ತೆಗೆದು, ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು.

ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದೆ. ರಾಹುಕಾಲವನ್ನೂ ಬಿಡಲಿಲ್ಲ, ಪಾಠದ ಮಾತೊಂದನ್ನು ಬಿಟ್ಟೆ. ಅವಳು ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು: "ಓದೋದು ಈ ಬದಿ ಕಣ್ರೀ. ನಡುವಿಂದ ಅಂಚಿಗೆ ಓದ್ಕೊಂಡು ಹೋಗುತ್ತೆ. ನೀವು ಬಳಿದಿರೋ ಕಡೆ ಬಂದಾಗ ಅದಕ್ಕೆ ಕಣ್ಣು ಕಾಣಿಸಿಲ್ಲ. ಡಿಸ್ಕ್ ಕೊಳೆ ಆಗಿರ್ಬೋದು, ಒರೆಸಿ ಹಾಕಿ ಅಂತ ಬಂದಿರ್ಬೇಕಲ್ಲ?"

ಆ ಉದ್ದನೆಯ ಬರಹದಲ್ಲಿ 'ಕ್ಲೀನ್' ಎಂಬ ಮಾತನ್ನು ಕಂಡ ಹಾಗೆ ನೆನಪಾಯಿತು.

"ಪಾಠ?" ಎಂದಳು.

ನಾನು ಕಪ್ಪು ಪರದೆಯನ್ನು ಅವಳ ಕಡೆ ತಿರುಗಿಸಿದೆ. ಅವಳಿಗೆ ಉತ್ತರ ಗೊತ್ತಾಯಿತು. ಕುರ್ಚಿ ಎಳೆದುಕೊಂಡು ಕೂತಳು. ಕ್ಯಾಮೆರಾ ವಾಪಸು ಕೊಟ್ಟಾಗಿತ್ತು. ಅದರಲ್ಲಿದ್ದದ್ದನ್ನು ಆ ಟೀಚರು ಅಳಿಸಿ ತಮ್ಮ ನಾದಿನಿಯ ಮದುವೆಗೆ ಕೊಂಡೊಯ್ದಿದ್ದರು. ಬೈಯುತ್ತಾಳೆ ಎಂದು ನಾನು ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವಳು ಬೈಯಲಿಲ್ಲ.

"ಭಾಗ್ಯ ನಕ್ಕಿದ್ದು ಅದೊಂದೇ ಸಲ ಕಣ್ರೀ" ಎಂದಳು.

ಮದುವೆಯಾದಾಗಿನಿಂದ ಅವಳ ಬೈಗುಳಕ್ಕೆ ಹೆದರಿಕೊಂಡೇ ಬಂದವನು ನಾನು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅನಿಸಿದ್ದು ಅಂದೇ ಮೊದಲು. ಕಣ್ಣು ತುಂಬಿ ಬಂತು. ಊದುಬತ್ತಿಯ ಹೊಗೆ ಎಂದು ಒರೆಸಿಕೊಂಡೆ.

ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಸಿ.ಡಿ. ಫಳಫಳ ಆಗ್ತದೆ ಅತ್ಗೆ ಎಂದು ರುದ್ರೇಶ ಕೈ ಚಾಚಿದ.

"ಯಾರೂ ಮುಟ್ಟಬೇಡಿ. ಹಂಗೇ ಇರ್ಲಿ" ಎಂದಳು ಗಿರಿಜಾ. ಸಿ.ಡಿ.ಯನ್ನು ಕರ್ಚೀಫಿನಲ್ಲಿ ಮಡಿಸಿ ಕೈಚೀಲದಲ್ಲಿ ಇಟ್ಟುಕೊಂಡಳು. ತವರಿನವರಿಗೆ ತೋರಿಸಲು ಸಾಕ್ಷಿ ಎತ್ತಿಟ್ಟುಕೊಂಡಳು ಎಂದೇ ನಾನು ತಿಳಿದೆ. ತುಮಕೂರಿಗೆ ಬರುವ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ನಾನು ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತೆ. ಅಂದು ಹೂವು ಬಿಡಿಸಿಕೊಂಡು ಬರುವುದನ್ನು ಇಬ್ಬರೂ ಮರೆತಿದ್ದೆವು.

ಬೆಳಗ್ಗೆ ಅವಳು ಎಂದಿನಂತೆ ಎದ್ದು, ಸೀರೆಯುಟ್ಟು ಕುಣಿಗಲ್ಲಿಗೆ ಹೊರಟಳು. ಬರಲಾಗುವುದಿಲ್ಲ ಎಂದು ಹೇಳಿಕಳಿಸಬಹುದಲ್ಲ ಎಂದೆ. ಬರುತ್ತೇನೆಂದು ಒಪ್ಪಿಕೊಂಡಿದ್ದೇನೆ ಎಂದಳು. ನಾನೂ ಸ್ನಾನ ಮಾಡಿ, ಪೂಜೆ ಮುಗಿಸಿ, ಅವಳ ಹಿಂದೆಯೇ ಹೊರಟೆ. ಬೇಡ ಎನ್ನಲಿಲ್ಲ. ಅನ್ವರ್ ಭಾಯ್ ಕಾಂಪೌಂಡಿನಿಂದಲೇ ನಮ್ಮಿಬ್ಬರ ಮುಖ ನೋಡಿ ಎಲ್ಲ ತಿಳಿದುಕೊಂಡು, ಚಹಾದ ಲೋಟವನ್ನು ಹಿಂದೆ ಮರೆ ಮಾಡಿ, ದಾರಿ ಬಿಡುವವರಂತೆ ಸರಿದು ನಿಂತರು.

ಕುಣಿಗಲ್ಲಿನ ಆ ಹಾಲ್ ತುಂಬಾ ಶಿಕ್ಷಕರು ಕೂತಿದ್ದರು. ಪ್ರೊಜೆಕ್ಟರ್ ಹಾಕಿಟ್ಟಿದ್ದರು. ತೋರಿಸಲು ಏನೂ ಇಲ್ಲದೆ ಅದು ಗೋಡೆಯ ಮೇಲೆ ಬರೀ ನೀಲಿ ಬೆಳಕು ಚೆಲ್ಲುತ್ತಿತ್ತು. ನಾನು ಕೊನೆಯ ಸಾಲಿನಲ್ಲಿ ಒಂದು ಕಂಬದ ಪಕ್ಕ ಕೂತೆ. ಮುಕ್ಕಾಲು ಗಂಟೆಯ ಸ್ವಾತಂತ್ರ್ಯ ಜೇಬಿನಲ್ಲೇ ಇತ್ತು. ಗಿರಿಜಾ ವೇದಿಕೆ ಹತ್ತಿದಳು. ಅಷ್ಟು ಜನರ ಮುಂದೆ ಅವಳು ಬರಿಗೈಯಲ್ಲಿ ನಿಂತದ್ದು ನನ್ನಿಂದ. ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ.

"ನಾನು ನಿಮಗೆ ತೋರಿಸ್ಬೇಕು ಅಂತ ಮಾಡಿದ್ದ ಪಾಠ ನಿನ್ನೆ ಅಳಿಸಿಹೋಯ್ತು" ಎಂದು ಶುರು ಮಾಡಿದಳು. ಕೈಚೀಲದಿಂದ ಕರ್ಚೀಫ್ ತೆಗೆದು ಬಿಡಿಸಿ, ಸಿ.ಡಿ.ಯನ್ನು ಎತ್ತಿ ಹಿಡಿದಳು. ಮೂರು ಬಿಳಿ ಪಟ್ಟೆ, ಒಂದು ಕೆಂಪು ಬೊಟ್ಟು. ಸಭೆಯಲ್ಲಿ ಗುಸುಗುಸು ಎದ್ದಿತು.

"ಇದನ್ನ ಪೂಜೆ ಮಾಡಿದೋರು ಓದಿದೋರು. ನಮ್ಮಲ್ಲಿ ತುಂಬಾ ಜನ ಹಿಂಗೇ ಇದೀವಿ. ನಿಮ್ಮ ಶಾಲೇಲಿ ಶುಕ್ರವಾರ ಕಂಪ್ಯೂಟರಿಗೆ ಕುಂಕುಮ ಇಡೋರು ಕೈ ಎತ್ತಿ."

ಒಂದು ಕೈ ಎದ್ದಿತು. ಇನ್ನೊಂದು ಎದ್ದಿತು. ನೋಡನೋಡುತ್ತ ಇಡೀ ಹಾಲ್ ಕೈ ಎತ್ತಿತು. ಮುಂದಿನ ಸಾಲಿನ ಅಧಿಕಾರಿಗಳ ಕೈಯೂ ಅರ್ಧ ಎದ್ದು ಕನ್ನಡಕ ಸರಿಮಾಡಿಕೊಂಡು ಇಳಿಯಿತು.

"ಅದನ್ನ ಆನ್ ಮಾಡೋರು?"

ಕೈಗಳೆಲ್ಲ ಇಳಿದವು. ಅಲ್ಲೊಂದು ಇಲ್ಲೊಂದು ಉಳಿಯಿತು. ಆಮೇಲೆ ಬಿದ್ದ ನಗು ಕುಣಿಗಲ್ ಕೆರೆಯವರೆಗೂ ಕೇಳಿಸಿರಬೇಕು. ಗಿರಿಜಾ ಸಿ.ಡಿ.ಯನ್ನು ಮುಂದಿನ ಸಾಲಿಗೆ ಕೊಟ್ಟು, ಎಲ್ಲರೂ ನೋಡಿ, ಯಾವ ಬದಿ ಮುಟ್ಟಬಾರದು ಎಂದು ತಿಳಿದುಕೊಂಡು ಹಿಂದಕ್ಕೆ ಕಳಿಸಿ ಎಂದಳು. ಆಮೇಲೆ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಕಡಬದ ಕೆರೆಯನ್ನು ಬರೆದು, ನಿಮ್ಮೂರಿನ ಕೆರೆಯ ಪಾಠವನ್ನು ನೀವೇ ಹೇಗೆ ಮಾಡಬಹುದು ಎಂದು ಹೇಳತೊಡಗಿದಳು. ಹಾಲ್ ನಿಶ್ಶಬ್ದವಾಗಿ ಕೇಳುತ್ತಿತ್ತು. ನಾನು ಅವಳನ್ನು ಹಾಗೆ ನೋಡಿರಲೇ ಇಲ್ಲ. ನನ್ನ ಹೆಂಡತಿ ಎಂದು ಪಕ್ಕದವರಿಗೆ ಹೇಳಿಕೊಳ್ಳಬೇಕೆನಿಸಿತು. ಹೇಳುವ ಹಾಗಿರಲಿಲ್ಲ.

ಸಿ.ಡಿ. ಕೈಯಿಂದ ಕೈಗೆ ಹಿಂದೆ ಬರುತ್ತಿತ್ತು. ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಹೆಡ್‌ಮಾಸ್ಟರೊಬ್ಬರು ಅದನ್ನು ತೆಗೆದುಕೊಂಡು, ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಂಡರು. ಆಮೇಲೆ ಹಿಂದೆ ತಿರುಗಿ ನನಗೆ ಕೊಡಲು ಕೈ ಚಾಚಿದರು. ಕೊಡಲಿಲ್ಲ. ಸಿ.ಡಿ.ಯನ್ನು ನೋಡಿದರು. ನನ್ನ ಹಣೆಯನ್ನು ನೋಡಿದರು. ಮತ್ತೆ ಸಿ.ಡಿ.ಯನ್ನು ನೋಡಿದರು.

ಬೆಳಗ್ಗೆ ಪೂಜೆ ಮುಗಿಸಿ ನಾನು ಎಳೆದುಕೊಂಡಿದ್ದ ವಿಭೂತಿ ಅಷ್ಟೇ ದಪ್ಪ, ಅಷ್ಟೇ ಉದ್ದ, ಅದೇ ಮೂರು ಬೆರಳು!

"ತಾವೇನಾ ಸ್ವಾಮಿ?" ಎಂದು ಅವರು ಬಹಳ ಗೌರವದಿಂದ ಕೇಳಿದರು. ಆ ಸಾಲು ತಿರುಗಿತು, ಅದರ ಮುಂದಿನ ಸಾಲು ತಿರುಗಿತು. ಕೊನೆಗೆ ಇಡೀ ಸಭೆ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿತು. ನಾನು ಎದ್ದು ಕೈ ಮುಗಿದೆ. ಎರಡು ಮಾತನಾಡಿ ಎಂದು ಯಾರೂ ಕೇಳಲಿಲ್ಲ.

ವಾಪಸು ಬರುವಾಗ ಗಿರಿಜಾ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಳು. ನಾಳೆ ಭಾನುವಾರ, ಮದುವೆಯಿಂದ ವಾಪಸಾದ ಕ್ಯಾಮೆರಾವನ್ನು ಇಸಿದುಕೊಂಡು ಕಡಬಕ್ಕೆ ಹೋಗಿ ಮತ್ತೆ ಫೋಟೊ ತೆಗೆಯುತ್ತೇನೆ, ಚೀಲ ಹಿಡಿದುಕೊಳ್ಳಲು ಒಬ್ಬರು ಬೇಕು ಎಂದಳು. ಯಾವುದನ್ನೂ ಮುಟ್ಟುವುದಿಲ್ಲ ಎಂಬ ಷರತ್ತಿಗೆ ಒಪ್ಪಿ ನಾನು ಆ ಹುದ್ದೆಗೆ ಸೇರಿದೆ. ಲಿನಕ್ಸನ್ನೂ ಆಮೇಲೆ ಅವಳೇ ಬೇರೆ ಸಿ.ಡಿ. ತರಿಸಿ ಹಾಕಿದಳು. ಅದು ನಿಜಕ್ಕೂ ಚೆನ್ನಾಗಿದೆ ಎಂದಳು. ಹಾಕುವಾಗ ಅವಳು ನನ್ನಿಂದ ಕೇಳಿದ ಸಹಾಯ ಒಂದೇ. ಅನ್ವರ್ ಭಾಯ್ ಮನೆಗೆ ಹೋಗಿ ಕೂತಿರಿ ಎಂದಳು.

ಭಾನುವಾರ ಕಡಬದ ಕೆರೆ ಏರಿಯ ಮೇಲೆ ಮಕ್ಕಳೆಲ್ಲ ಸೇರಿದ್ದರು. ಏರಿ, ತೂಬು, ಕೋಡಿ, ದನ ಎಲ್ಲದರ ಫೋಟೊ ಮತ್ತೆ ಆಯಿತು. ಭಾಗ್ಯ ಮಾತ್ರ ಬಾಯಿ ಬಿಗಿದು ನಿಂತಿದ್ದಳು. ಗಿರಿಜಾ ಎಷ್ಟು ಮಾತನಾಡಿಸಿದರೂ ಇಲ್ಲ. ಆ ನಗುವನ್ನು ಅಳಿಸಿದವನು ನಾನು ಎಂಬುದು ಒಳಗೆ ಕೊರೆಯುತ್ತಿತ್ತು. ಹುಡುಗಿಯ ಮನಸ್ಸು ಅರಳಿಸೋಣವೆಂದು, ಏಡಿಯ ಬಿಲವನ್ನು ತೋರಿಸುತ್ತ, ಅದು ಯಾವ ವರ್ಗಕ್ಕೆ ಸೇರಿದ್ದು, ಕಾಲುಗಳೆಷ್ಟು ಎಂದು ನನ್ನ ಕಾಲೇಜಿನ ಧಾಟಿಯಲ್ಲಿ ವಿವರಿಸುತ್ತ ಕೆರೆಯ ಅಂಚಿಗೆ ಒಂದು ಹೆಜ್ಜೆ ಇಟ್ಟೆ. ಅಲ್ಲಿ ನೆಲವಿರಲಿಲ್ಲ, ಕೆಸರಿತ್ತು. ಸೊಂಟದವರೆಗೆ ಇಳಿದುಹೋದೆ. ಚೀಲವನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದೆ.

ಭಾಗ್ಯ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಿರಿಜಾ ಮೊದಲು ಅವಳ ಫೋಟೊ ತೆಗೆದಳು, ಆಮೇಲೆ ನನ್ನದು ತೆಗೆದಳು, ಆಮೇಲೆ ಕೈ ಕೊಟ್ಟು ಎಳೆದಳು.

ಆ ಹೊಸ ಪಾಠವನ್ನು ಈಗ ಎಷ್ಟೋ ಶಾಲೆಗಳಲ್ಲಿ ತೋರಿಸುತ್ತಾರಂತೆ. ಭಾಗ್ಯಳ ನಗು ಮೊದಲಿನದಕ್ಕಿಂತ ಚೆನ್ನಾಗಿದೆ. ನನ್ನ ಫೋಟೊವನ್ನೂ ಗಿರಿಜಾ ಸೇರಿಸಿದ್ದಾಳೆ. 'ಕೆರೆಯಲ್ಲಿ ಕಂಡುಬರುವ ಜೀವಿಗಳು' ಎಂಬ ಭಾಗದಲ್ಲಿ, ಎಮ್ಮೆಯ ನಂತರ, ಕಪ್ಪೆಗಿಂತ ಮೊದಲು. ಪ್ರಾಣಿಶಾಸ್ತ್ರದ ಉಪನ್ಯಾಸಕನಾಗಿ ಅದನ್ನು ಕೊನೆಯವರೆಗೆ ಓದಿ ಪರಿಶೀಲಿಸಿದ್ದೇನೆ. ವರ್ಗೀಕರಣ ಸರಿಯಾಗಿದೆ.